ಅಟ್ಟದ ಕೆಳಗೆ ಆಗಮನ ಕಾಲ

ಸಂಜೆ ಆರು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಮ್ಮ ಮನೆಯ ಗೋಡೆ ಗಡಿಯಾರ ತಪ್ಪು ತೋರಿಸುತ್ತಿರಲಿಲ್ಲ. ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಡ್ಯೂಟಿ ಮುಗಿಸಿ ಬಂದವರು ಬೂಟು ಬಿಚ್ಚುವ ಮೊದಲು ಕೈಗಡಿಯಾರ ನೋಡಿ ಗೋಡೆಯ ಮುಳ್ಳನ್ನು ಸ್ಟೇಷನ್ನಿನ ಹೊತ್ತಿಗೆ ಸರಿಪಡಿಸುತ್ತಿದ್ದರು. ಅದು ಆಗಮನ ಕಾಲದ ಎರಡನೆಯ ಭಾನುವಾರ. ಕೆಳಗೆ ಅಜ್ಜಿ ಪ್ರಾರ್ಥನೆಗೆ ಗಂಟೆ ಅಲ್ಲಾಡಿಸಿದರು. ಹತ್ತು ವರ್ಷದ ನಾನು ಮೇಲೆ ಕತ್ತಲ ಅಟ್ಟದ ಮೂಲೆಯಲ್ಲಿ, ತೆಂಗಿನಕಾಯಿ ರಾಶಿಗಳ ನಡುವೆ, ಒಂದು ಮೇಣದಬತ್ತಿ ತುಂಡಿನ ಬೆಳಕಿನಲ್ಲಿ ಕೂತಿದ್ದೆ. "ಲೀನಾ" ಎಂದು ಎರಡನೆಯ ಕೂಗು ಬಂದಾಗ ಬತ್ತಿಯನ್ನು ಎರಡು ಬೆರಳಲ್ಲಿ ಚಿವುಟಿ ಆರಿಸಿದೆ. ಬೆರಳು ಚುರ್ ಎಂದಿತು. ಕೈ ಕೊಡವಿ, ತುಂಡನ್ನು ಲಂಗದ ಜೇಬಿಗೆ ಹಾಕಿಕೊಂಡು, ಏಣಿ ಇಳಿದು ಓಡಿದೆ. ಚಿವುಟಿದ ಬತ್ತಿಯ ತುದಿ ಎಲ್ಲಿ ಬಿತ್ತೆಂದು ಬಗ್ಗಿ ನೋಡಲಿಲ್ಲ. ಈಗ ಐವತ್ತು ದಾಟಿದೆ. ಓದಿ, ಬೇಲೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ಮುಗಿಸಿದ್ದೇನೆ. ಇಂದಿಗೂ ಆ ಗಳಿಗೆಗೆ ಮತ್ತೆ ಮತ್ತೆ ಹೋಗುತ್ತೇನೆ. ಪ್ರತಿ ಸಲವೂ ಬಗ್ಗಿ ನೋಡುತ್ತೇನೆ, ಮಟ್ಟೆಗಳ ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಕಾಣುತ್ತದೆ, ಎಂಜಲು ಹಚ್ಚಿ ಆರಿಸುತ್ತೇನೆ. ಆಮೇಲೆ ಎಚ್ಚರವಾಗುತ್ತದೆ.

ನಾವಿದ್ದದ್ದು ಹಾರನಹಳ್ಳಿ ರಸ್ತೆಯ ಒಂದು ಹಳೆಯ ಹೆಂಚಿನ ಮನೆಯ ಹಿಂಭಾಗದಲ್ಲಿ, ಬಾಡಿಗೆಗೆ. ಮುಂಭಾಗದಲ್ಲಿ ಮನೆಯ ಒಡತಿ ಗಂಗಮ್ಮನವರು, ಅವರ ಮಗ ಮಹಾದೇವಣ್ಣ. ಗಂಗಮ್ಮನವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಅವರದು ವಿಭೂತಿ ಹಚ್ಚಿ, ಲಿಂಗಪೂಜೆ ಮಾಡಿಯೇ ಬಾಯಿಗೆ ನೀರು ಹಾಕಿಕೊಳ್ಳುವ ಮನೆ. ನಮ್ಮದು ಗೋಡೆಯ ಮೇಲೆ ಶಿಲುಬೆ ಇದ್ದ ಮನೆ. ನಡುವೆ ಇದ್ದದ್ದು ಒಂದು ಪಡಸಾಲೆ ಮಾತ್ರ. ಅಲ್ಲೇ ಅಟ್ಟಕ್ಕೆ ಹತ್ತುವ ಏಣಿ. ಅಟ್ಟ ಎರಡೂ ಮನೆಗಳ ಮೇಲೆ ಒಂದೇ ಸಮನೆ ಹಾಸಿತ್ತು, ಅದರ ತುಂಬ ದೊಡ್ಡಮ್ಮನ ತೋಟದ ಕಾಯಿ. ನಮ್ಮ ಕಡೆ ಕೊಬ್ಬರಿ ಮಾಡುವುದೆಂದರೆ ಬಿಸಿಲಿಗೆ ಹಾಕುವುದಲ್ಲ, ಕಾಯುವುದು. ಬಲಿತ ಕಾಯಿಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಏರಿಸಿ ಹತ್ತು, ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆ ಸದ್ದು ಬರುವ ಮೊದಲು ಒಡೆದರೆ ಹನ್ನೊಂದು ತಿಂಗಳೂ ವ್ಯರ್ಥ. ಒಣಮಟ್ಟೆ ಅಷ್ಟು ತುಂಬಿದ ಜಾಗವಾದ್ದರಿಂದ ಆ ಮನೆಗೆ ಒಂದೇ ಒಂದು ಕಟ್ಟಳೆ: ಅಟ್ಟದ ಮೇಲೆ ಬೆಂಕಿ ಹೋಗಕೂಡದು. ಅದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು.

ನಮ್ಮ ಕಟ್ಟಳೆಗಳೆಲ್ಲ ಅಜ್ಜಿಯವು. ಅಪ್ಪನ ತಾಯಿ ಅವರು. ತೌರು ಹಳೇಬೀಡಿನ ಕಡೆ. ಅವರ ತಂದೆ ಊರೂರು ನಡೆದು ಕ್ರೈಸ್ತ ಕುಟುಂಬಗಳ ಮಕ್ಕಳಿಗೆ ಜಪ ಕಲಿಸುತ್ತಿದ್ದ ಉಪದೇಶಿ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ ಆಗಮನ ಕಾಲ ಎಂದು ಹೆಸರು. ನಮ್ಮ ಧರ್ಮಸಭೆಯ ವರ್ಷ ಶುರುವಾಗುವುದೇ ಅಲ್ಲಿಂದ. ಉಳಿದವರ ಹೊಸ ವರ್ಷ ಒಬ್ಬಟ್ಟಿನಿಂದಲೋ ಪಟಾಕಿಯಿಂದಲೋ ಆರಂಭವಾದರೆ ನಮ್ಮದು ಕಾಯುವುದರಿಂದ ಆರಂಭವಾಗುತ್ತಿತ್ತು. ಗುಡಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಗುರುಗಳು ನೇರಳೆ ವಸ್ತ್ರ ಉಡುತ್ತಿದ್ದರು, ಉಳಿದ ಭಾನುವಾರಗಳ ಮಹಿಮಾಗೀತೆ ಹಾಡುತ್ತಿರಲಿಲ್ಲ. ಹುಟ್ಟಲಿರುವ ಕೂಸಿಗೆ ಒಂದು ಕಾಯುವಿಕೆ, ಲೋಕದ ಕೊನೆಗೆ ಮರಳಿ ಬರುವವನಿಗೆ ಇನ್ನೊಂದು. ಯಜಮಾನ ಯಾವ ಹೊತ್ತಿಗೆ ಬರುತ್ತಾನೋ ತಿಳಿಯದು, ಎಚ್ಚರವಾಗಿರಿ ಎಂಬ ಬೈಬಲ್ ಓದು ಪ್ರತಿ ವರ್ಷ ಬರುತ್ತಿತ್ತು. ಮನೆಯಲ್ಲಿ ಅಜ್ಜಿ ತೆಂಗಿನ ನಾರಿನ ಹಗ್ಗವನ್ನು ಬಳೆಯಂತೆ ಸುತ್ತಿ, ಮೇಲೆ ಸರ್ವೆಯ ಹಸಿರು ಕಟ್ಟಿ, ನಾಲ್ಕು ಮೇಣದಬತ್ತಿ ನಿಲ್ಲಿಸುತ್ತಿದ್ದರು: ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹೆಚ್ಚು ಹಚ್ಚುವುದು. ಗುಲಾಬಿಯದು ಮೂರನೆಯ ವಾರಕ್ಕೆ, ಅರ್ಧ ದಾರಿ ದಾಟಿದ ಸಂತೋಷಕ್ಕೆ. ನಾಲ್ಕನ್ನೂ ಒಟ್ಟಿಗೆ ಹಚ್ಚೋಣ ಎಂದು ನಾನು ಪ್ರತಿ ವರ್ಷ ಪೀಡಿಸುತ್ತಿದ್ದೆ. ಅಜ್ಜಿ ತಮ್ಮ ತೌರಿನ ಹತ್ತಿರದ ಹುಲಿಕೆರೆಯ ಮೆಟ್ಟಿಲು ಕೊಳದ ಕಡೆಗೆ ಮಾತು ತಿರುಗಿಸುತ್ತಿದ್ದರು.

"ಆ ಕೊಳದಾಗೆ ನೀರು ಮುಟ್ಬೇಕು ಅಂದ್ರೆ ಒಂದೊಂದೇ ಮೆಟ್ಲು ಇಳೀಬೇಕು ಕಣೇ. ಮೇಲಿಂದ ಧುಮುಕಿದ್ರೆ ನೀರೂ ಸಿಗಲ್ಲ, ತಲೆನೂ ಉಳಿಯಲ್ಲ."

ಇನ್ನೊಂದು ಪದ್ಧತಿ ಹುಲ್ಲಿನದು. ಗೋದಲಿಯನ್ನು, ಅಂದರೆ ಯೇಸುಕೂಸು ಹುಟ್ಟಿದ ಕೊಟ್ಟಿಗೆಯ ಆಟಿಕೆಯಷ್ಟು ಮಾದರಿಯನ್ನು, ಮೊದಲ ವಾರವೇ ಇಟ್ಟು ಅದರಲ್ಲಿ ಬರಿದಾದ ಒಂದು ಮೇವಿನ ತೊಟ್ಟಿ ಇಡುತ್ತಿದ್ದರು. ಮನೆಯ ಪ್ರತಿಯೊಬ್ಬರಿಗೂ ಒಂದು ಹಿಡಿ ರಾಗಿ ಹುಲ್ಲು. ದಿನದಲ್ಲಿ ಯಾರಿಗಾದರೂ ಒಳ್ಳೆಯದು ಮಾಡಿದ್ದರೆ ಸಂಜೆ ಒಂದು ಎಳೆ ತೊಟ್ಟಿಗೆ ಹಾಕಬೇಕು. ಕ್ರಿಸ್ಮಸ್ ದಿನ ಕೂಸು ಮಲಗುವುದು ಆ ಹುಲ್ಲಿನ ಮೇಲೆ. ಆದರೆ ಮಾಡಿದ್ದು ಏನೆಂದು ಯಾರಿಗೂ ಹೇಳಕೂಡದು. ಬಾಯಿಬಿಟ್ಟರೆ ಎಳೆಯನ್ನು ವಾಪಸು ತೆಗೆಯಬೇಕು. ಅಪ್ಪ ಕಣ್ಣು ಮಿಟುಕಿಸಿ ಹಾಕುತ್ತಿದ್ದರು, ಅಮ್ಮ ಒಂದೊಂದು ದಿನ ಕೈಯಲ್ಲಿ ಹಿಡಿದು ಯೋಚಿಸಿ ಹಾಗೇ ಇಟ್ಟುಬಿಡುತ್ತಿದ್ದರು. ನಾಲ್ಕು ವರ್ಷದ ತಮ್ಮ ಜೋಜೋ ಹಿಡಿಯನ್ನೇ ತುರುಕಿ ಬೈಸಿಕೊಳ್ಳುತ್ತಿದ್ದ. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಮ್ಮನಿಗೆ ಅಜ್ಜಿಯನ್ನು ಕೆಣಕುವುದೊಂದು ಸುಖ.

"ನಿಮ್ ಸ್ವಾಮಿ ನಾಲ್ಕು ವಾರ ಕಾಯಿಸ್ತಾನೆ. ನಮ್ ಕೊಬ್ಬರಿ ಹನ್ನೊಂದು ತಿಂಗ್ಳು ಕಾಯಿಸ್ತದೆ. ಭಕ್ತಿ ಯಾರಿಗೆ ಜಾಸ್ತಿ ಹೇಳಿ ಮತ್ತೆ."

"ಕೊನೇಗೆ ನೀವು ಕೊಬ್ಬರಿ ಮಾರ್ತೀರಿ, ನಾವು ಕಜ್ಜಾಯ ತಿಂತೀವಿ. ಭಕ್ತಿ ಇಬ್ರುದೂ ಅಷ್ಟಕ್ಕಷ್ಟೇ ಬಿಡಿ ಗಂಗಮ್ಮ."

"ಏನಂದ್ರಿ? ಜೋರಾಗಿ ಹೇಳಿ."

ಆ ವರ್ಷ ದೊಡ್ಡಮ್ಮನ ಕಿವಿ ಮಂದವಾಗಿತ್ತು. ನೂರು ಕಾಯಿ ಅಲ್ಲಾಡಿಸಿ ನೂರಕ್ಕೂ ಸರಿಯಾದ ತೀರ್ಪು ಕೊಡುತ್ತಾರೆಂದು ಬಾಣಾವರದವರೆಗೆ ಹೆಸರಾದವರು ಅವರು. ಆ ಶನಿವಾರ ಕಾಯಿ ಸುಲಿಯುವ ತಿಮ್ಮಯ್ಯ ಒಂದು ಕಾಯಿ ತಂದು ಅವರ ಕೈಗೆ ಕೊಟ್ಟಾಗ ಅಲ್ಲಾಡಿಸಿದರು, ಇನ್ನೊಂದು ಕಿವಿಗೆ ಹಿಡಿದು ಮತ್ತೆ ಅಲ್ಲಾಡಿಸಿದರು, ಆಮೇಲೆ ಸುಮ್ಮನೆ ಮಡಿಲಲ್ಲಿಟ್ಟುಕೊಂಡರು. "ಈ ಸಲ ಆರ್ಸೋಕೆ ನನ್ ಕೈಲಿ ಆಗಲ್ಲ ಕಣೋ" ಎಂದರು. ನನಗೆ ಪಾಪ ಅನ್ನಿಸಿತು. ಅದರ ಹಿಂದೆಯೇ, ಒಪ್ಪಿಕೊಳ್ಳುತ್ತೇನೆ, ಹುಲ್ಲಿನ ಎಳೆ ನೆನಪಾಯಿತು. ಯಾರಿಗೂ ತಿಳಿಯದಂತೆ ಅಟ್ಟ ಹತ್ತಿ ದೊಡ್ಡಮ್ಮನಿಗಾಗಿ ಕಾಯಿ ಆರಿಸಿ ಒಂದು ಕಡೆ ಗುಡ್ಡೆ ಹಾಕಿಟ್ಟರೆ ಅದಕ್ಕಿಂತ ದೊಡ್ಡ ಎಳೆ ಯಾವುದು? ಭಾನುವಾರ ಸಂಜೆ ಕರೆಂಟು ಹೋಗಿತ್ತು. ಅಜ್ಜಿ ಹಳೆಯ ವರ್ಷದ ಬತ್ತಿ ತುಂಡುಗಳನ್ನು ಕೂಡಿಡುತ್ತಿದ್ದ ಡಬ್ಬಿಯಿಂದ ಒಂದು ನೇರಳೆ ತುಂಡು ತೆಗೆದುಕೊಂಡೆ. ಕಟ್ಟಳೆ ನೆನಪಿರಲಿಲ್ಲವೆಂದಲ್ಲ. ಒಳ್ಳೆಯ ಕೆಲಸಕ್ಕೆ ಹೋಗುವವರಿಗೆ ಅದು ಅನ್ವಯಿಸದೆಂದು ನನಗೆ ನಾನೇ ಹೇಳಿಕೊಂಡೆ. ಒಂದು ಗಂಟೆಯಲ್ಲಿ ನಲವತ್ತು ಕಾಯಿ ಆರಿಸಿದ್ದೆ. ಊದಿ ದೀಪ ಆರಿಸಬಾರದೆಂದು ಅಜ್ಜಿ ಕಲಿಸಿದ್ದರಿಂದ ಬೆರಳಲ್ಲಿ ಚಿವುಟಿದೆ. ಕೆಳಗೆ ಬಂದು ಎರಡು ಬತ್ತಿಯ ಬೆಳಕಿನಲ್ಲಿ ಎಲ್ಲರಿಗಿಂತ ಉದ್ದನೆಯ ಎಳೆಯನ್ನು ತೊಟ್ಟಿಗೆ ಹಾಕಿ, ಕಣ್ಣು ಮುಚ್ಚಿ ಜಪ ಹೇಳಿದೆ.

ಬುಧವಾರ ಶಾಲೆಯಿಂದ ಬರುವಾಗ ಮನೆ ಮುಂದೆ ಜನ. ಬೀದಿ ಕಡೆಯ ಗವಾಕ್ಷಿಯಿಂದ ಹಳದಿ ಹೊಗೆ ಬರುತ್ತಿತ್ತು. ಗಂಡಸರು ಏಣಿಯ ಮೇಲೆ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದರು, ಆಮೇಲೆ ಫೈರ್ ಎಂಜಿನ್ ಬಂದು ಗವಾಕ್ಷಿಯ ಹತ್ತಿರದ ರಾಶಿಗೆ ನೀರು ಹೊಡೆಯಿತು. ಆರಿತು ಎಂದರು. ಜನ ಚದುರಿದರು. ನಾನು ಪಡಸಾಲೆಯ ಕಂಬ ಹಿಡಿದು ನಿಂತಿದ್ದೆ. ಅವರು ನೀರು ಹಾಕಿದ್ದು ಬೀದಿ ಕಡೆಗೆ. ನಾನು ಕೂತಿದ್ದದ್ದು ಹಿಂದಿನ ಮೂಲೆಯಲ್ಲಿ, ನಮ್ಮ ಸಣ್ಣ ಕೋಣೆಯ ಮೇಲೆ. ಕೆಳಗೆ ಜೋಜೋನ ಹಾಸಿಗೆ.

"ಮಟ್ಟೆ ಬೆಂಕಿ ಸಾಯಲ್ಲ" ಎಂದರು ದೊಡ್ಡಮ್ಮ, ಸೆರಗಿನಿಂದ ಮುಖದ ಮಸಿ ಒರೆಸಿಕೊಳ್ಳುತ್ತ. "ಮಲಗಿರ್ತದೆ. ಎಲ್ಲೋ ಒಳಗೇ ಹರಕಂಡು ಹೋಗಿ ಇನ್ನೊಂದು ಕಡೆ ಏಳ್ತದೆ. ಇದು ಹುಟ್ಟಿದ್ದು ಎಲ್ಲಿ ಅಂತ ಗೊತ್ತಾಗ್ಬೇಕು."

"ಎಲ್ಲಾ ಇಳಿಸಿಬಿಡೋಣ ಅವ್ವ" ಎಂದ ಮಹಾದೇವಣ್ಣ, ಆದರೆ ದನಿಯಲ್ಲಿ ಜೀವವಿರಲಿಲ್ಲ. ಹೆಚ್ಚಿನ ಕಾಯಿಗಳಿಗೆ ಇನ್ನೊಂದು ತಿಂಗಳು ಉಳಿದಿತ್ತು. ಈಗ ಇಳಿಸಿ ಬಿಸಿಲು, ಇಬ್ಬನಿಗೆ ಹಾಕಿದರೆ ಇಡೀ ವರ್ಷದ ಬೆಳೆ ಕೆಡುತ್ತದೆ. ಅವನ ಸಿಟ್ಟು ಅಂಗಳದಲ್ಲಿ ನಿಂತಿದ್ದ ತಿಮ್ಮಯ್ಯನ ಕಡೆ ತಿರುಗಿತು.

"ಶನಿವಾರ ಮೇಲೆ ಹೋದಾಗ ಬೀಡಿ ಸೇದಿದ್ಯೇನ್ಲಾ?"

"ಇಲ್ಲ ಕಣಣ್ಣ. ಬೀಡಿ ಕಿವಿ ಮ್ಯಾಲೇ ಇತ್ತು."

"ಕಿವಿ ಮೇಲಿದ್ದದ್ದು ತಾನಾಗೇ ಹತ್ಕಂತಾ?"

"ನನ್ ಕಿವಿ ಅಷ್ಟು ಬಿಸಿ ಇಲ್ಲ ಕಣಣ್ಣ."

ನಾಳೆಯಿಂದ ಬರಬೇಡ ಎಂದ ಮಹಾದೇವಣ್ಣ. ತಿಮ್ಮಯ್ಯ ಕಾಯಿ ಸುಲಿಯುವ ಗೂಟವನ್ನು ಗೋಡೆಗೆ ಒರಗಿಸಿಟ್ಟು ಹೋದ. ನನ್ನ ಬಾಯಿ ತೆರೆಯಲಿಲ್ಲ. ಹೇಳಿದರೆ ಹುಲ್ಲು ಹೋಗುತ್ತದೆ, ಹೇಳದಿರುವುದೇ ನೇಮ ಎಂದು ಒಳಗಿನ ಯಾವುದೋ ದನಿ ವಾದಿಸುತ್ತಿತ್ತು. ಹೆದರಿಕೆ ತನಗೆ ಬೇಕಾದ ನೇಮವನ್ನು ಎಷ್ಟು ಚೆನ್ನಾಗಿ ಹುಡುಕಿಕೊಳ್ಳುತ್ತದೆ ಎಂಬುದನ್ನು ಆಮೇಲೆ ನಾನು ಎಷ್ಟೋ ಓದಿದವರಲ್ಲಿ ಕಂಡಿದ್ದೇನೆ. ಕಲಿತದ್ದು ಮಾತ್ರ ಆ ಕಂಬದ ಬಳಿ.

ಹೀಗೆ ಶುರುವಾಯಿತು ಕಾವಲು. ಎರಡು ಮನೆಯವರೂ ಸರದಿ ಹಾಕಿಕೊಂಡರು. ಅಪ್ಪ ಡ್ಯೂಟಿ ಮುಗಿಸಿ ಬಂದು ಕೂರುತ್ತಿದ್ದರು, ಅಮ್ಮ ಕೊಡಗಳನ್ನು ತುಂಬಿ ಏಣಿಯ ಕೆಳಗೆ ಸಾಲಾಗಿ ಇಡುತ್ತಿದ್ದರು, ಮಹಾದೇವಣ್ಣ ಗಂಟೆಗೊಮ್ಮೆ ಟಾರ್ಚು ಹಿಡಿದು ಮೇಲೆ ಮೂಸಿ ಬರುತ್ತಿದ್ದ. ಆದರೆ ಪಡಸಾಲೆ ಆಳಿದವರು ಇಬ್ಬರು ಮುದುಕಿಯರು. ಕಂಬಳಿ ಹೊದ್ದು ಏಣಿಯ ಎಡಕ್ಕೆ ಅಜ್ಜಿ ಜಪಸರ ಹಿಡಿದು, ಬಲಕ್ಕೆ ದೊಡ್ಡಮ್ಮ ಎಡಗೈಯಲ್ಲಿ ಲಿಂಗದ ಕರಡಿಗೆ ಮುಟ್ಟಿಕೊಂಡು. ಒಬ್ಬರಿಗೆ ಕಿವಿ ಕೇಳದು, ಇನ್ನೊಬ್ಬರಿಗೆ ಕಣ್ಣು ಮಂದ. "ನೀವು ಕೇಳಿಸ್ಕಳ್ಳಿ, ನಾನು ನೋಡ್ತೀನಿ, ಇಬ್ರೂ ಸೇರಿದ್ರೆ ಒಬ್ಬ ಕಾವಲುಗಾರ್ತಿ" ಎಂದು ದೊಡ್ಡಮ್ಮ ನಗುತ್ತಿದ್ದರು. ಅಜ್ಜಿಗೆ ಭಯವಿರಲಿಲ್ಲವೆಂದಲ್ಲ, ಅವರು ಆ ಭಯಕ್ಕೆ ತಮ್ಮ ನೇಮದಲ್ಲಿ ಒಂದು ಜಾಗ ಮಾಡಿಕೊಟ್ಟರು. ಇಷ್ಟು ವರ್ಷ ಎಚ್ಚರವಾಗಿರಿ ಅನ್ನೋದನ್ನ ಕೇಳಿದ್ವಿ, ಈ ವರ್ಷ ಮಾಡ್ತಾ ಇದೀವಿ ಅಷ್ಟೇ ಎನ್ನುತ್ತಿದ್ದರು. ಮೂರನೆಯ ಭಾನುವಾರ ಬಂದಾಗ ಗುಲಾಬಿ ಬತ್ತಿ ಹಚ್ಚುವ ಮೊದಲು ಮುಂದಿನ ಮನೆಗೆ ಹೋಗಿ ಕೇಳಿದರು.

"ಗಂಗಮ್ಮ, ಈ ಸಲ ದೀಪ ಬ್ಯಾಡ ಅಂದ್ರೆ ಹಚ್ಚಲ್ಲ. ನಮ್ ದೇವ್ರು ಬೇಜಾರು ಮಾಡ್ಕಳಲ್ಲ."

"ಬೆಂಕಿಗೆ ಹೆದ್ರಿ ದೀಪ ಬಿಡೋಕಾಗ್ತದಾ? ಅಂಗಳದಾಗೆ ಹಚ್ಚಿ ಕಣ್ರೀ. ನಾನೂ ಬತ್ತೀನಿ, ಒಂದು ಕೊಡ ನೀರು ತತ್ತೀನಿ."

ಮೂರು ಬತ್ತಿ ಉರಿಯುವಷ್ಟು ಹೊತ್ತೂ ಆ ಶಿವಭಕ್ತೆ ನಮ್ಮ ಜಪದ ಪಕ್ಕ ಕೊಡ ಹಿಡಿದು ನಿಂತಿದ್ದರು. ಅಂಥವರ ಮನೆಯ ಮೇಲೆ ನಾನು ಬೆಂಕಿ ಇಟ್ಟು ಬಂದಿದ್ದೆ. ನನ್ನ ಕೈಯಲ್ಲಿ ಆಗಿದ್ದು ಒಂದೇ: ಪ್ರತಿ ಸಂಜೆ ಜೋಜೋನ ಹಾಸಿಗೆಯನ್ನು ಆ ಕೋಣೆಯಿಂದ ಅಡುಗೆಮನೆಗೆ ಎಳೆದು ತರುತ್ತಿದ್ದೆ. ಅಮ್ಮ ಬೈದು ವಾಪಸು ಹಾಕುತ್ತಿದ್ದರು. ಅವರು ಅತ್ತ ತಿರುಗಿದಾಗ ಮತ್ತೆ ಎಳೆಯುತ್ತಿದ್ದೆ. ಮಲಗಿದರೆ ನಿದ್ದೆ ಇಲ್ಲ; ಹಲಗೆಯ ಸಂದಿಗಳನ್ನೇ ನೋಡುತ್ತಿದ್ದೆ. ಹಾಗೆ ಇನ್ನೂ ಐದು ದಿನ ಕಳೆದವು. ಶುಕ್ರವಾರ ಬೆಳಿಗ್ಗೆ, ಅರಸೀಕೆರೆಯ ಧನುರ್ಮಾಸದ ಚಳಿಯಲ್ಲಿ ನಾನೂ ಅಮ್ಮನೂ ಒಲೆಯ ಮುಂದೆ ಮುದುರಿ ಕೂತಿದ್ದಾಗ, ಜೋಜೋ ಬರೀ ಚಡ್ಡಿಯಲ್ಲಿ ಕೋಣೆಯಿಂದ ಬಂದ.

"ಅಕ್ಕ, ನಮ್ ರೂಮಲ್ಲಿ ಚಳಿನೇ ಇಲ್ಲ."

ಅಮ್ಮ ನಕ್ಕು ಅವನಿಗೆ ಅಂಗಿ ಹಾಕಿದರು. ನಾನು ಕೋಣೆಯ ಕಡೆ, ಅದರ ಮೇಲಿನ ಹಲಗೆಯ ಕಡೆ ನೋಡಿದೆ. ಅಜ್ಜಿ ಗೋದಲಿಯ ಮುಂದೆ ಧೂಳು ಒರೆಸುತ್ತಿದ್ದರು, ನನ್ನ ಪಾಲಿನ ಹುಲ್ಲಿನ ಹಿಡಿ ಅವರ ಕೈಯಲ್ಲಿತ್ತು.

"ಯಾಕೆ ಲೀನಾ, ಎಷ್ಟೋ ದಿನದಿಂದ ನೀನು ಒಂದೂ ಹಾಕಿಲ್ಲ?"

"ಅಜ್ಜಿ, ಹೇಳಿಬಿಟ್ರೆ ಹುಲ್ಲು ವಾಪಸ್ ತೆಗೀಬೇಕಲ್ವಾ?"

"ಒಳ್ಳೇದು ಮಾಡಿದ್ನ ಹೇಳ್ಕಂಡ್ರೆ ತೆಗೀಬೇಕು."

"ಒಳ್ಳೇದು ಮಾಡಕ್ಕೆ ಹೋಗಿ ಕೆಟ್ಟದ್ದಾಗಿದ್ರೆ?"

ಅವರು ಬಟ್ಟೆ ಕೆಳಗಿಟ್ಟು ನನ್ನ ಬಲಗೈ ಹಿಡಿದುಕೊಂಡರು. ಬೆರಳ ತುದಿಯ ಒಣಗಿದ ಗುಳ್ಳೆಯ ಮೇಲೆ ಅವರ ಹೆಬ್ಬೆರಳು ನಿಂತಿತು. ದೀಪ ಚಿವುಟಲು ಕಲಿಯುವಾಗ ಸುಟ್ಟದ್ದೆಂದು ತಿಳಿದು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದವರು ಅವರೇ.

"ಅದು ಹುಲ್ಲಲ್ಲ ಮಗಾ, ಮುಳ್ಳು. ಕೂಸಿನ ಕೆಳಗೆ ಮುಳ್ಳು ಬಿಡಬಾರದು. ತೆಗಿ."

ಹೇಳಿದೆ. ಎಲ್ಲಿ, ಯಾವ ಮೂಲೆ, ಎಷ್ಟು ಹೊತ್ತಿಗೆ, ಎಲ್ಲ. ನಾಳೆ ಪಾಪನಿವೇದನೆಗೆ ಗುರುಗಳು ಬರುತ್ತಾರೆ, ಅವರಿಗೆ ಹೇಳೋಣವೆಂದಿದ್ದೆ ಎಂದಾಗ ಅಜ್ಜಿ "ಗುರುಗಳು ಕಾಯ್ತಾರೆ, ಬೆಂಕಿ ಕಾಯಲ್ಲ" ಎಂದು ಎದ್ದರು. ಅಮ್ಮನಿಗೆ ಜೋಜೋನನ್ನು ಎತ್ತಿಕೊಂಡು ಹೊರಗೆ ಹೋಗಲು ಹೇಳಿ, ನನ್ನ ಕೈ ಬಿಡದೆ ದೊಡ್ಡಮ್ಮನ ಮುಂದೆ ನಿಲ್ಲಿಸಿದರು. ನನ್ನ ಪರವಾಗಿ ಮಾತಾಡಲಿಲ್ಲ. ದೊಡ್ಡಮ್ಮನಿಗೆ ಕೇಳುವಂತೆ ನಾನೇ ಕೂಗಿ ಹೇಳಬೇಕಾಯಿತು. ಬೀದಿಗೆಲ್ಲ ಕೇಳಿಸಿತು. ಮಹಾದೇವಣ್ಣ ಕೈ ಎತ್ತಿದ.

"ಕೈ ಇಳ್ಸೋ" ಎಂದರು ದೊಡ್ಡಮ್ಮ. "ಹೊಡೆಯೋಕೆ ಆಮೇಲೂ ಟೈಮ್ ಐತೆ. ಹೋಗಿ ತಿಮ್ಮನ್ನ ಕರಕಂಡು ಬಾ. ನೀನೇ ಹೋಗ್ಬೇಕು."

ತಿಮ್ಮಯ್ಯ ಬಂದ. ಏಣಿ ಹತ್ತುವ ಮೊದಲು ಕಿವಿಯ ಮೇಲಿನ ಬೀಡಿ ತೆಗೆದು ಮಹಾದೇವಣ್ಣನ ಕೈಗೇ ಕೊಟ್ಟ: "ನೀವೇ ಇಟ್ಕಂಡಿರಿ, ಸಾಕ್ಷಿಗೆ." ಮೇಲೆ ಹಿಂದಿನ ಮೂಲೆಯಲ್ಲಿ ನಾಲ್ಕು ಸಾಲು ಕಾಯಿ ತಣ್ಣಗೇ ಇದ್ದವು. ಐದನೆಯ ಸಾಲು ಎತ್ತಿದಾಗ ಬಿಸಿ ಮುಖಕ್ಕೆ ಹೊಡೆಯಿತಂತೆ. ಅದರ ಕೆಳಗೆ ಹಲಗೆಯ ಮೇಲೆ ಮೊರದಗಲ ಕೆಂಡ, ಹೊಗೆಯೂ ಇಲ್ಲದೆ, ಉಸಿರಾಡುತ್ತ. ಹಲಗೆ ಮುಕ್ಕಾಲು ಬೆಂದಿತ್ತು. ಇನ್ನೊಂದು ದಿನ, ಬಹುಶಃ ಅದೇ ದಿನ, ಅದು ಕೋಣೆಯೊಳಕ್ಕೆ ಕುಸಿಯುತ್ತಿತ್ತು. ಒದ್ದೆ ಗೋಣಿ ಮುಚ್ಚಿದರು, ಕೊಡದ ಮೇಲೆ ಕೊಡ ಸುರಿದರು, ಬೆಂದ ಮಟ್ಟೆಯನ್ನು ಬಾಣಲೆಯಲ್ಲಿ ತುಂಬಿ ಅಂಗಳಕ್ಕೆ ಇಳಿಸಿದರು. ಸಂಜೆಯವರೆಗೆ ಆ ಮೂಲೆ ಪೂರ್ತಿ ಬರಿದು ಮಾಡಿ, ಹಲಗೆಯ ಮೇಲೆ ಅಂಗೈ ಊರಿ ನೋಡಿ, ತಿಮ್ಮಯ್ಯ ಕೆಳಗಿಳಿದ. ಮಹಾದೇವಣ್ಣ ಬೀಡಿ ಹಿಂದಕ್ಕೆ ಕೊಟ್ಟು ತಾನೇ ಕಡ್ಡಿ ಗೀರಿ ಹಚ್ಚಿದ, ಬೀದಿಯಲ್ಲಿ, ಮನೆಯಿಂದ ಹತ್ತು ಮಾರು ದೂರ.

ಶನಿವಾರವೂ ಹೆದರಿಕೆಯಿಂದ ಮೂಸಿದರು. ವಾಸನೆ ಇಲ್ಲ, ಬಿಸಿ ಇಲ್ಲ. ನಾನು ಹೋಗಿ ಗುರುಗಳ ಮುಂದೆಯೂ ಹೇಳಿ ಬಂದೆ. ಬಂದು ಆ ಉದ್ದನೆಯ ಎಳೆಯನ್ನು ತೊಟ್ಟಿಯಿಂದ ಹುಡುಕಿ ತೆಗೆದೆ. ಸಂಜೆ ದೊಡ್ಡಮ್ಮ ಪಡಸಾಲೆಗೆ ಬಂದು ಕಂಬಳಿ ಮಡಿಸಿದರು. "ಸಾಕು, ಇವತ್ತು ಯಜಮಾನ ಬಂದ್ರೆ ಅವನೇ ಬಾಗಿಲು ತಕ್ಕಳ್ಳಿ" ಎಂದರು. ಅಜ್ಜಿಯೂ ತಮ್ಮ ಕಂಬಳಿ ಮಡಿಸಿದರು.

ನಾಲ್ಕನೆಯ ಭಾನುವಾರ ನಮ್ಮನ್ನು ಎಬ್ಬಿಸಿದ್ದು ಕಿಟಕಿಯಿಂದ ಬಿದ್ದ ಬಿಸಿಲು. ಅಪ್ಪ ಕೀ ಕೊಡುವುದನ್ನೇ ಮರೆತು ಗೋಡೆ ಗಡಿಯಾರ ನಿಂತುಹೋಗಿತ್ತು. ಗುಡಿಯಲ್ಲಿ ಬೆಳಗಿನ ಬಲಿಪೂಜೆ ಎಂದೋ ಮುಗಿದಿತ್ತು. ಜನ್ಮದಲ್ಲಿ ಒಂದು ಭಾನುವಾರವೂ ತಪ್ಪಿಸದ ಅಜ್ಜಿ ಹಾಸಿಗೆಯ ಮೇಲೆ ಕೂತು, ಎಚ್ಚರವಾಗಿರಿ ಅಂದ ಭಾನುವಾರಗಳಲ್ಲೇ ಹೀಗಾಯಿತಲ್ಲ ಎಂದು ತಮ್ಮಷ್ಟಕ್ಕೆ ನಕ್ಕರು. ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಾಲ್ಕು ಬತ್ತಿ ಹಚ್ಚಿದೆವು. ಆ ಬಿಸಿಲಿನಲ್ಲಿ ಜ್ವಾಲೆ ಕಾಣುತ್ತಲೇ ಇರಲಿಲ್ಲ. ಆಗ ದೊಡ್ಡಮ್ಮ ಒಂದು ಮಂಕರಿ ಹಿಡಿದು ಬಂದರು. ಅದರಲ್ಲಿ ನಾನು ಆರಿಸಿಟ್ಟಿದ್ದ ಕಾಯಿಗಳು, ಕೆಲವಕ್ಕೆ ಒಂದು ಬದಿ ಮಸಿ. ಒಂದನ್ನು ತೆಗೆದು ತಮ್ಮ ಕಿವಿಗೆ ಹಿಡಿದು ಅಲ್ಲಾಡಿಸಿದರು, ತಲೆಯಾಡಿಸಿ ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಏನಂತದೆ ಹೇಳು. ನಿಜ ಹೇಳ್ಬೇಕು."

"ಲೊಟಲೊಟ ಅಂತದೆ, ದೊಡ್ಡಮ್ಮ."

"ಹಂಗಾದ್ರೆ ಆಗೈತೆ. ನಾಳೆಯಿಂದ ನನ್ ಜೊತೆ ಕೂತ್ಕ. ನೀನು ಕೇಳು, ನಾನು ಹೇಳ್ತೀನಿ. ಹಗಲು ಹೊತ್ನಾಗೆ."

ಬಾಗಿಲ ಆಚೆ, ತನ್ನ ಕೋಣೆಯಲ್ಲಿ, ತನ್ನದೇ ಮೂಲೆಯಲ್ಲಿ ಜೋಜೋ ಕಂಬಳಿ ಒದ್ದು ಇನ್ನೂ ಮಲಗಿದ್ದ. ಯಾರೂ ಎಬ್ಬಿಸಲಿಲ್ಲ.